ಕ್ರಿಯಾಪದಗಳ ಅಕ್ಷರವಿಭಾಗವೂ ಉಚ್ಚಾರವೂ

(ಅನಂತಪುರದ ನುಡಿಯನ್ನು ಕುರಿತು ಒಂದು ಐತಿಹಾಸಿಕ ವಿಚಾರ)

1. ಪ್ರಸ್ತಾವನೆ

ಅನಂತಪುರವೆಂದೊಡನೆ ವಾಚಕರಲ್ಲಿ ಅನೇಕರಿಗೆ ಆಂಧ್ರದೇಶದ ಜಿಲ್ಲೆಯೇ ನೆನಪಿಗೆ ಬರುವುದು ಸಹಜ. ಆದರೆ ಈ ಲೇಖನದಲ್ಲಿ ಹೇಳತಕ್ಕ ಅನಂತಪುರವು ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಗ್ರಾಮ. ಮಹಾರಾಷ್ಟ್ರದ ಗಡಿ ಅಲ್ಲಿಂದ ದೂರವಿಲ್ಲ. ಸಂತೆಯಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ನಾಲಗೆಯ ಮೇಲೆ ಆಡುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಇಂಥ ನಾಡಿನಲ್ಲಿ ಕನ್ನಡದ ಕ್ರಿಯಾಪದಗಳು ಹೇಗೆ ಒಡೆದು ನಿಲ್ಲುತ್ತವೆ, ಹೇಗೆ ಕೂಡಿ ನುಡಿಯಲ್ಪಡುತ್ತವೆ ಎಂಬುದನ್ನು ಇತಿಹಾಸದ ದೃಷ್ಟಿಯಿಂದ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಎಳೆದು ತಂದುದು ಒಂದು ಅಲ್ಪ ಪ್ರಸಂಗ. ಈ ಸೀಮೆಯ ಒಂದು ಹಳ್ಳಿಯ ಹುಡುಗನು ತನ್ನ ಪಟ್ಟಿಯಲ್ಲಿ "ನಮ್ಮಪ್ಪ ಪುಣೇದಿಂದ ಬಂದಾನ" ಎಂದು ಬರೆದಿದ್ದನು. ಗುರುಗಳು ಕೆಂಪು ಶಾಯಿಯಿಂದ ಕೊನೆಯ ಅಕ್ಷರಕ್ಕೆ ಒಂದು ಕೊಂಬನ್ನು ಹಚ್ಚಿ "ಬಂದಾನು" ಎಂದು ತಿದ್ದಿದರು. ಸಂಜೆ ಹುಡುಗನು ಅದನ್ನೇ ಗಟ್ಟಿಯಾಗಿ ಓದುತ್ತಿರಲು ಒಳಗಿನಿಂದ ಅವನ ಅಜ್ಜಿ, "ಅಪ್ಪ ಪಡಸಾಲ್ಯಾಗ ಕುಂತಾನಲ್ಲೋ, ಬಂದಾನು ಅಂದ್ರ ಹೆಂಗ?" ಎಂದು ಕೇಳಿದಳು. ಅಜ್ಜಿಯ ಪ್ರಶ್ನೆಯಲ್ಲಿ ಇಡಿಯ ವ್ಯಾಕರಣವೇ ಅಡಗಿದೆ. "ಬಂದಾನು" ಎಂದರೆ ಬರಬಹುದು. "ಬಂದಾನ" ಎಂದರೆ ಬಂದಿದ್ದಾನೆ. ತಿದ್ದಿದ ಗುರುಗಳು ತಪ್ಪನ್ನು ತೆಗೆಯಲಿಲ್ಲ. ಮನೆಗೆ ಬಂದು ಕುಳಿತ ತಂದೆಯನ್ನು ಮರಳಿ ದಾರಿಯ ಮೇಲೆ ನಿಲ್ಲಿಸಿದರು. ಒಂದು ಸ್ವರದಿಂದ ಇಷ್ಟು ಅನರ್ಥವಾಗುವಲ್ಲಿ, ಕ್ರಿಯಾಪದದ ಅಕ್ಷರಗಳನ್ನು ಎಣಿಸಿ ನೋಡುವುದು ಪಂಡಿತರ ವಿನೋದ ಮಾತ್ರವಲ್ಲವೆಂದು ತೋರಿತು.

2. ಕಣ್ಣಿನ ಅಕ್ಷರ, ಕಿವಿಯ ಅಕ್ಷರ

ಮೊದಲು ಒಂದು ಮೂಲವಿಷಯವನ್ನು ಸ್ಪಷ್ಟ ಮಾಡಿಕೊಳ್ಳತಕ್ಕದ್ದು. ನಮ್ಮ ಲಿಪಿಯಲ್ಲಿ "ಬರುತ್ತಾನೆ" ಎಂಬುದನ್ನು ಬ, ರು, ತ್ತಾ, ನೆ ಎಂದು ನಾಲ್ಕು ಅಕ್ಷರಗಳಾಗಿ ಬರೆಯುತ್ತೇವೆ. ಅಚ್ಚುಕೂಟದವರು ಸಾಲು ಮುಗಿದು ಶಬ್ದವನ್ನು ಮುರಿಯಬೇಕಾದಾಗ "ಬರು" ಎಂಬುದನ್ನು ಮೇಲೆ ಬಿಟ್ಟು "ತ್ತಾನೆ" ಎಂಬುದನ್ನು ಕೆಳಗಿನ ಸಾಲಿಗೆ ಇಳಿಸುತ್ತಾರೆ. ಒತ್ತಕ್ಷರವನ್ನು ಅದರ ಮೇಲಣ ಅಕ್ಷರದಿಂದ ಬೇರ್ಪಡಿಸಲು ಲಿಪಿಯಲ್ಲಿ ಅವಕಾಶವಿಲ್ಲ. ಇದು ಕಣ್ಣಿನ ವಿಭಾಗ.

ಕಿವಿಯ ವಿಭಾಗವು ಬೇರೆ. ನಿಧಾನವಾಗಿ ನುಡಿದರೆ "ಬ-ರುತ್-ತಾ-ನೆ" ಎಂದೇ ಕೇಳುತ್ತದೆ. ಮೊದಲ ತಕಾರವು ಹಿಂದಿನ ರುಕಾರವನ್ನು ಆಶ್ರಯಿಸಿ ನಿಲ್ಲುವುದು, ಎರಡನೆಯದು ಮುಂದಿನ ಆಕಾರವನ್ನು ಹಿಡಿಯುವುದು. ವೇದಪಾಠದ ಉಚ್ಚಾರವನ್ನು ನಿಯಮಿಸಿದ ಪ್ರಾತಿಶಾಖ್ಯಗಳು ಸಂಯೋಗದ ಮೊದಲ ವ್ಯಂಜನವು ಹಿಂದಿನ ಸ್ವರದ ಅಂಗವೆಂದು ಬಹು ಪ್ರಾಚೀನಕಾಲದಲ್ಲಿಯೇ ಹೇಳಿವೆ. ಒತ್ತಕ್ಷರದ ಹಿಂದಿನ ಲಘುವು ಗುರುವಾಗುವುದೆಂಬ ಛಂದಸ್ಸಿನ ನಿಯಮವನ್ನು ಶಾಲೆಯ ಮಕ್ಕಳೂ ಬಾಯಿಪಾಠ ಮಾಡುತ್ತಾರೆ. ಆದರೆ ಅದೇಕೆ ಗುರುವಾಗುವುದೆಂದು ಕೇಳುವವರು ವಿರಳ. ಕಾರಣವು ಇಷ್ಟೇ: ಆ ಲಘುವು ಮುಂದಿನ ಒತ್ತಿನ ಅರ್ಧಭಾಗವನ್ನು ಹೊತ್ತುಕೊಂಡಿರುತ್ತದೆ. ಲಿಪಿಯು ಮರೆಸಿದ ವಿಭಾಗವನ್ನು ಛಂದಸ್ಸು ಕಾಪಾಡಿಕೊಂಡು ಬಂದಿದೆ. ಕ್ರಿಸ್ತಶಕ 990ರ ಸುಮಾರಿಗೆ ಛಂದೋಂಬುಧಿಯನ್ನು ರಚಿಸಿದ ನಾಗವರ್ಮನ ಕಾಲದಿಂದ ಕನ್ನಡದ ಕವಿಗಳು ಕಣ್ಣಿನಿಂದ ಬರೆದು ಕಿವಿಯಿಂದ ಎಣಿಸುತ್ತ ಬಂದಿದ್ದಾರೆ.

3. ಇಟಲಿಯ ಒಂದು ದೃಷ್ಟಾಂತ

ಪರಭಾಷೆಯ ಕನ್ನಡಿಯಲ್ಲಿ ನಮ್ಮ ಮುಖವು ಕೆಲವೊಮ್ಮೆ ಹೆಚ್ಚು ಸ್ಫುಟವಾಗಿ ಕಾಣುವುದು. ಇಟಲಿ ದೇಶದ ಭಾಷೆಯು ಲ್ಯಾಟಿನ್ ಭಾಷೆಯ ಮಗಳು. ನಮ್ಮದು ದ್ರಾವಿಡ ವಂಶದ್ದು. ಎರಡಕ್ಕೂ ರಕ್ತಸಂಬಂಧವಿಲ್ಲ. ಹಾಗಿದ್ದರೂ ಕ್ರಿಯಾಪದಗಳ ಉಚ್ಚಾರದಲ್ಲಿ ಇವೆರಡೂ ನಡೆದು ಬಂದ ದಾರಿಗಳಲ್ಲಿ ಆಶ್ಚರ್ಯಕರವಾದ ಸಾಮ್ಯವುಂಟು.

ಇಟಾಲಿಯನ್ ಭಾಷೆಯಲ್ಲಿ "ಬೀಳುತ್ತಾನೆ" ಎಂಬುದಕ್ಕೆ "ಕಾದೆ" ಎನ್ನುವರು. "ಬಿದ್ದನು" ಎಂಬುದಕ್ಕೆ "ಕದ್ದೆ" ಎನ್ನುವರು. ಮೊದಲನೆಯದನ್ನು ಕಾ-ದೆ ಎಂದೂ ಎರಡನೆಯದನ್ನು ಕದ್-ದೆ ಎಂದೂ ಒಡೆಯುವುದು ಅವರ ನಿಯಮ. ಅವರ ಅಚ್ಚಿನಲ್ಲಿಯೂ ಸಾಲಿನ ತುದಿಗೆ ಇಮ್ಮಡಿ ವ್ಯಂಜನವು ನಡುವೆಯೇ ಮುರಿಯುವುದು. ಕಣ್ಣು ಕಿವಿಗಳಿಗೆ ಅಲ್ಲಿ ಜಗಳವಿಲ್ಲ. ಹೀಗೆಯೇ "ಬೇವೆ" ಎಂದರೆ ಕುಡಿಯುತ್ತಾನೆ, "ಬೆವ್ವೆ" ಎಂದರೆ ಕುಡಿದನು. "ಪರ್ಲೆರೇಮೊ" ಎಂದರೆ ಮಾತನಾಡುವೆವು, "ಪರ್ಲೆರೆಮ್ಮೊ" ಎಂದರೆ ಮಾತನಾಡುತ್ತಿದ್ದೆವು, ಸಂದರ್ಭ ಒದಗಿದ್ದರೆ ಎಂಬ ಅರ್ಥ. ಒಂದು ವ್ಯಂಜನದ ಒತ್ತು ಕಾಲವನ್ನೇ ಬದಲಿಸಿ ನಿಶ್ಚಯವನ್ನು ಸಂಶಯಕ್ಕೆ ತಿರುಗಿಸುತ್ತದೆ.

ಕಾದೆ, ಕದ್ದೆ ಎಂಬೆರಡೂ ನಮ್ಮ ಕಿವಿಗೆ ಅಪ್ಪಟ ಕನ್ನಡ ಕ್ರಿಯಾಪದಗಳಾಗಿಯೇ ಕೇಳುತ್ತವೆ. ಒಂದು ಕಾಯುವವನ ಮಾತು, ಇನ್ನೊಂದು ಕಳ್ಳನ ಮಾತು. ಮಾತ್ರೆಗಳನ್ನು ಎಣಿಸಿದರೆ ಎರಡಕ್ಕೂ ಮೂರು ಮೂರೇ. ಒಂದರಲ್ಲಿ ದೀರ್ಘಸ್ವರದಿಂದ ಗುರುವಾಯಿತು, ಇನ್ನೊಂದರಲ್ಲಿ ಒತ್ತಿನಿಂದ ಗುರುವಾಯಿತು. ಇಟಲಿಯವರ ಉಚ್ಚಾರದಲ್ಲಿಯೂ ಇದೇ ತಕ್ಕಡಿ: ಬಲವು ಬಿದ್ದ ಅಕ್ಷರದ ಮುಂದೆ ಒಂಟಿ ವ್ಯಂಜನವಿದ್ದರೆ ಸ್ವರವು ನೀಳವಾಗುವುದು; ಇಮ್ಮಡಿ ವ್ಯಂಜನವಿದ್ದರೆ ಸ್ವರವು ಕುಗ್ಗುವುದು; ತೂಕವು ಒಂದೇ ಉಳಿಯುವುದು.

ಕನ್ನಡದಲ್ಲಿ ಒತ್ತು ಭೂತಕಾಲವನ್ನು ಸೂಚಿಸುವ ಪ್ರಯೋಗಗಳು ಇಟಲಿಗಿಂತ ಹೆಚ್ಚು ಸಮೃದ್ಧ. ಬಿಡು ಎಂಬುದಕ್ಕೆ ಬಿಟ್ಟನು, ಕೊಡು ಎಂಬುದಕ್ಕೆ ಕೊಟ್ಟನು, ಸುಡು ಎಂಬುದಕ್ಕೆ ಸುಟ್ಟನು, ನಗು ಎಂಬುದಕ್ಕೆ ನಕ್ಕನು, ಹೊಗು ಎಂಬುದಕ್ಕೆ ಹೊಕ್ಕನು, ಹೆರು ಎಂಬುದಕ್ಕೆ ಹೆತ್ತಳು, ಹೊರು ಎಂಬುದಕ್ಕೆ ಹೊತ್ತನು. ಹಳಗನ್ನಡದಲ್ಲಿ ಪೆಱು, ಪೊಱು ಎಂಬ ಧಾತುಗಳು ಶಕಟರೇಫೆಯಿಂದ ಕೂಡಿದ್ದು ಪೆತ್ತಂ, ಪೊತ್ತಂ ಎಂದಾದವು. ಧಾತುವಿನ ಕೊನೆಯ ವ್ಯಂಜನವು ಭೂತಕಾಲದ ಪ್ರತ್ಯಯದಲ್ಲಿ ಬೆರೆತು ಇಮ್ಮಡಿಯಾಯಿತು. ಆದುದರಿಂದ ಕನ್ನಡದ ಮಗುವು ಒತ್ತನ್ನು ಸಡಿಲವಾಗಿ ನುಡಿದರೆ ಕೆಡುವುದು ಸೊಗಸು ಮಾತ್ರವಲ್ಲ, ಕಾಲವೂ ಕೆಡುವುದು.

4. ಬಲವೂ ಕಾಲವೂ

ಇಟಾಲಿಯನ್ ಭಾಷೆಗೂ ನಮ್ಮದಕ್ಕೂ ಒಂದು ದೊಡ್ಡ ಭೇದವನ್ನೂ ಇಲ್ಲಿ ಹೇಳಿಬಿಡುವುದು ಯೋಗ್ಯ. ಅಲ್ಲಿ ಪ್ರತಿ ಶಬ್ದದಲ್ಲಿಯೂ ಒಂದು ಅಕ್ಷರದ ಮೇಲೆ ಬಲ ಬೀಳುವುದು. ಆ ಬಲವು ಜಾರಿದರೆ ಅರ್ಥವೂ ಜಾರುವುದು. "ಪರ್ಲೊ" ಎಂಬುದರ ಮೊದಲ ಅಕ್ಷರಕ್ಕೆ ಬಲ ಕೊಟ್ಟರೆ ನಾನು ಮಾತನಾಡುತ್ತೇನೆ ಎಂದಾಗುವುದು. ಕೊನೆಯ ಅಕ್ಷರಕ್ಕೆ ಕೊಟ್ಟರೆ ಅವನು ಮಾತನಾಡಿದನು ಎಂದಾಗುವುದು. "ಕಪಿತನೊ" ಎಂಬ ಒಂದೇ ಅಕ್ಷರಮಾಲೆಯು ಮೊದಲನೆಯದರ ಮೇಲೆ ಬಲವಿದ್ದರೆ ಸಂಭವಿಸುತ್ತವೆ ಎಂದೂ, ಮೂರನೆಯದರ ಮೇಲಿದ್ದರೆ ದಳಪತಿ ಎಂದೂ, ಕೊನೆಯದರ ಮೇಲಿದ್ದರೆ ದಳವನ್ನು ನಡೆಸಿದನು ಎಂದೂ ಅರ್ಥ ಕೊಡುವುದು. ಕೊನೆಯ ಅಕ್ಷರದ ಬಲಕ್ಕೆ ಮಾತ್ರ ಅವರು ಬರವಣಿಗೆಯಲ್ಲಿ ಗುರುತನ್ನು ಹಾಕುವುದು ರೂಢಿ. ಉಳಿದುದನ್ನು ಓದುವವನು ತಿಳಿದೇ ಓದಬೇಕು.

ಕನ್ನಡದಲ್ಲಿ ಇಂಥ ಬಲದಿಂದ ಅರ್ಥಭೇದವಾಗುವುದಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಮಾಡುವುದು ಸ್ವರದ ಹ್ರಸ್ವದೀರ್ಘಗಳು ಮತ್ತು ಕೊನೆಯ ಸ್ವರದ ಬಣ್ಣ. ಬಂದನು, ಬಂದಾನು, ಬಂದಾನ ಎಂಬ ಮೂರನ್ನು ನೋಡಿರಿ. ಮೊದಲನೆಯದು ಭೂತ, ಎರಡನೆಯದು ಸಂಭಾವನೆ, ಮೂರನೆಯದು ಈಗ ಬಂದು ಇರುವಿಕೆ. ಇಟಲಿಯವನಿಗೆ ಬಲವು ಹೇಗೋ ಅನಂತಪುರದವನಿಗೆ ಈ ಕೊನೆಯ ಸ್ವರವು ಹಾಗೆ. ಧಾರವಾಡದ ಕಡೆಯ ಲೇಖಕರು, ಅದರಲ್ಲಿಯೂ ಅಂಬಿಕಾತನಯದತ್ತರು, ಅವಧಾರಣೆಯಿಂದ ಎಳೆದು ನುಡಿಯುವ ಅಕಾರವನ್ನು ತೋರಿಸಲು "ಽ" ಎಂಬ ಗುರುತನ್ನು ಬಳಸಿದುದರ ಮರ್ಮವೂ ಇದೇ. ಲಿಪಿಯಲ್ಲಿ ಅಕಾರಕ್ಕೆ ಬೇರೆ ಚಿಹ್ನೆಯಿಲ್ಲ. ನಾಲಗೆಯಲ್ಲಿ ಮಾತ್ರ ಅದಕ್ಕೆ ಗಣ್ಯವಾದ ಕೆಲಸವುಂಟು.

5. ಕೊನೆಗೆ ಬಂದ ಸ್ವರ, ನಡುವೆ ಹೋದ ಸ್ವರ

ಈಗ ಇತಿಹಾಸಕ್ಕೆ ಬರೋಣ. ಲ್ಯಾಟಿನ್ ಭಾಷೆಯಲ್ಲಿ "ಪ್ರೀತಿಸುತ್ತಾರೆ" ಎಂಬುದಕ್ಕೆ "ಆಮಂತ್" ಎಂಬ ವ್ಯಂಜನಾಂತ ರೂಪವಿತ್ತು. ಇಟಾಲಿಯನ್ನಿನಲ್ಲಿ ಅದರ ತಕಾರವು ಬಿದ್ದು, ಕೊನೆಗೆ ಓಕಾರವು ಹತ್ತಿ, "ಆಮನೊ" ಎಂದಾಯಿತು. ಹೀಗೆ ಅಕ್ಷರವೊಂದು ಹೆಚ್ಚಿದರೂ ಬಲವು ಮೊದಲಿದ್ದ ಸ್ಥಾನವನ್ನು ಬಿಡಲಿಲ್ಲ. ಆದುದರಿಂದಲೇ "ಅಮ್ಯಾಮೊ" (ಪ್ರೀತಿಸುತ್ತೇವೆ), "ಅಮಾತೆ" (ಪ್ರೀತಿಸುತ್ತೀರಿ) ಎಂಬವುಗಳಲ್ಲಿ ಬಲವು ನಡುವಿನ ಅಕ್ಷರದಲ್ಲಿದ್ದರೂ "ಆಮನೊ" ಎಂಬಲ್ಲಿ ಮೊದಲನೆಯ ಅಕ್ಷರದಲ್ಲಿದೆ. ಪರಕೀಯರು ಇಲ್ಲಿ ಎಡವುವುದು ಪ್ರಸಿದ್ಧವೇ ಇದೆ. ಇತಿಹಾಸವನ್ನು ಬಲ್ಲವನು ಎಡವುವುದಿಲ್ಲ.

ಕನ್ನಡದಲ್ಲಿ ನಡೆದುದೂ ಇದೇ ತೆರ. ಹಳಗನ್ನಡದ ಬಂದರ್, ಕೊಟ್ಟರ್ ಎಂಬ ವ್ಯಂಜನಾಂತಗಳು ಕ್ರಮೇಣ ಉಕಾರವನ್ನು ಪಡೆದು ಬಂದರು, ಕೊಟ್ಟರು ಎಂದಾದವು. ಕಣ್ ಎಂಬುದು ಕಣ್ಣು ಎಂದೂ, ಪೊನ್ ಎಂಬುದು ಹೊನ್ನು ಎಂದೂ ಆದಂತೆ. ಹೀಗೆ ಕನ್ನಡವೂ ಇಟಾಲಿಯನ್ನಿನಂತೆ ಸ್ವರಾಂತ ಭಾಷೆಯಾಯಿತು. ಆದರೆ ಕೊನೆಯಲ್ಲಿ ಒಂದು ಸ್ವರವು ಬಂದು ನೆಲೆಸಿದೊಡನೆ ನಡುವಿನ ಹ್ರಸ್ವಸ್ವರವು ದುರ್ಬಲವಾಗತೊಡಗಿತು. ಬಂದರು ಎಂಬುದು ಆಡುಮಾತಿನಲ್ಲಿ ಬಂದ್ರು ಎಂದಾಯಿತು. ಬರುತಾರೆ ಎಂಬುದು ಬರ್ತಾರ ಎಂದಾಯಿತು. ಹಿಂದಿನವರು ರಕಾರದ ಮುಂದೆ ಸ್ವರವಿಲ್ಲದೆ ನುಡಿದರು. ಇಂದಿನವರು ರಕಾರದ ಹಿಂದೆ ಸ್ವರವಿಲ್ಲದೆ ನುಡಿಯುತ್ತಾರೆ. ನಷ್ಟವೆಂದು ಕಾಣುವುದು ವಾಸ್ತವವಾಗಿ ಸ್ಥಳಾಂತರ.

ಇದಕ್ಕೆ ವಿರುದ್ಧವಾದ ಗತಿಯೂ ಉಂಟು. ಹಳಗನ್ನಡದಲ್ಲಿ ಶಿಥಿಲದ್ವಿತ್ವವೆಂಬುದೊಂದು ವಿಶೇಷ. ಅಮರ್ದು, ಅಗಲ್ದು ಮುಂತಾದ ಕ್ರಿಯಾರೂಪಗಳಲ್ಲಿ ಒತ್ತು ಬರವಣಿಗೆಯಲ್ಲಿ ಇದ್ದರೂ ಅದನ್ನು ತೇಲಿಸಿ ನುಡಿಯುತ್ತಿದ್ದುದರಿಂದ ಹಿಂದಿನ ಅಕ್ಷರವು ಗುರುವಾಗದೆ ಲಘುವಾಗಿಯೇ ಉಳಿಯುತ್ತಿತ್ತು. 1260ರ ಸುಮಾರಿಗೆ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಈ ಶಿಥಿಲವನ್ನು ವ್ಯಾಕರಣದ ವಿಷಯವಾಗಿ ಎತ್ತಿಕೊಂಡು ವಿವರಿಸಿದ್ದಾನೆ. ಕೆಲವು ಶತಮಾನಗಳ ಮೇಲೆ ಆ ತೇಲಿದ ಒತ್ತಿನ ನಡುವೆ ಇಕಾರವು ನೆಲೆಗೊಂಡು ಅಮರಿದನು, ಅಗಲಿದನು ಎಂಬ ರೂಪಗಳು ಸ್ಥಿರವಾದವು. ಅಂದಿನ ಕವಿಗಳ ಕಿವಿಯು ಒತ್ತಿನೊಳಗೆ ಅಡಗಿದ್ದ ಸೂಕ್ಷ್ಮಸ್ವರವನ್ನು ಮುಂಚಿತವಾಗಿಯೇ ಕೇಳಿದ್ದಿತೆಂದು ಹೇಳಿದರೆ ತಪ್ಪಾಗಲಾರದು. ಸ್ವರವು ಬರುವುದೂ ಹೋಗುವುದೂ ಭಾಷೆಯ ಉಸಿರಾಟ. ಒಂದನ್ನು ಸಂಸ್ಕಾರವೆಂದೂ ಇನ್ನೊಂದನ್ನು ಅಪಭ್ರಂಶವೆಂದೂ ಕರೆಯುವುದು ನ್ಯಾಯವಲ್ಲ.

6. ಅನಂತಪುರದ ರೂಪಗಳು

ಈ ಸೀಮೆಯ ಕ್ರಿಯಾಪದಗಳನ್ನು ಗ್ರಂಥಭಾಷೆಯ ಪಕ್ಕಕ್ಕೆ ಇಟ್ಟು ಮಾತ್ರೆಗಳನ್ನು ಎಣಿಸಿದರೆ ಒಂದು ಸ್ವಾರಸ್ಯವು ಕಂಡುಬರುತ್ತದೆ. ಮಾಡುತ್ತಾನೆ ಎಂಬುದಕ್ಕೆ ಏಳು ಮಾತ್ರೆ. ಮಾಡ್ತಾನ ಎಂಬುದಕ್ಕೆ ಐದು. ಬಂದಿದ್ದಾನೆ ಎಂಬುದಕ್ಕೆ ಏಳು. ಬಂದಾನ ಎಂಬುದಕ್ಕೆ ಐದು. ಕೊಟ್ಟಿದ್ದಾನೆ ಏಳು, ಕೊಟ್ಟಾನ ಐದು. ಹೋಗಿದ್ದಾನೆ ಏಳು, ಹೋಗ್ಯಾನ ಐದು. ನಾಲ್ಕಕ್ಷರದ ಪದವು ಮೂರಕ್ಷರಕ್ಕೆ ಇಳಿದು, ಗುರು ಗುರು ಲಘು ಎಂಬ ಒಂದೇ ಅಚ್ಚಿಗೆ ಬಂದಿದೆ. ಬರುತ್ತಾನೆ ಎಂಬುದಕ್ಕೆ ಆರು ಮಾತ್ರೆ. ಅದನ್ನು ಇಲ್ಲಿಯವರು ಬಿಡಿಸಿ "ಬರತಾನ" ಎಂದರೂ ಐದೇ, ಕೂಡಿಸಿ "ಬರ್ತಾನ" ಎಂದರೂ ಐದೇ. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಹಾಡಿನ ಸಾಲಿನಲ್ಲಿ ಎರಡರಲ್ಲಿ ಯಾವುದನ್ನು ನುಡಿದರೂ ತ್ರಿಪದಿಯ ನಡೆ ಮುಗ್ಗರಿಸುವುದಿಲ್ಲ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣುವ ತ್ರಿಪದಿಯ ಧಾಟಿಯು ಇಂದಿಗೂ ಈ ನಾಡಿನ ಬಾಯಿಯಲ್ಲಿ ಬಾಳಿರುವುದಕ್ಕೆ ಇಂಥ ಸಮತೂಕದ ರೂಪಗಳೂ ಒಂದು ಕಾರಣವಾಗಿರಬೇಕು. ಹಲಸಂಗಿಯ ಗೆಳೆಯರು "ಗರತಿಯ ಹಾಡು" ಸಂಗ್ರಹವನ್ನು 1931ರಲ್ಲಿ ಪ್ರಕಟಿಸಿ, ಉತ್ತರದ ಆಡುನುಡಿಯ ರೂಪಗಳು ಅಚ್ಚಿಗೆ ಅರ್ಹವೆಂಬುದನ್ನು ತೋರಿಸಿಕೊಟ್ಟರು.

ಈ ರೂಪಗಳು ಅಜ್ಞಾನದಿಂದ ಹುಟ್ಟಿದವಲ್ಲ. "ಮಾಡತಾನ" ಎಂಬಲ್ಲಿ ಒಂಟಿ ತಕಾರವಿದೆಯೆಂದು ದೂರುವವರು ಪ್ರಾಚೀನಕಾವ್ಯಗಳನ್ನು ನೋಡತಕ್ಕದ್ದು. ಮಾಡುತ, ಮಾಡುತ್ತ ಎಂಬ ಎರಡು ರೂಪಗಳೂ ಕನ್ನಡದಲ್ಲಿ ಬಹುಕಾಲದಿಂದ ನಡೆದುಬಂದಿವೆ. ಷಟ್ಪದಿಯ ಕವಿಗಳು ಮಾತ್ರೆಗೆ ಬೇಕಾದುದನ್ನು ಆಯ್ದುಕೊಂಡಿದ್ದಾರೆ. ಗ್ರಂಥಭಾಷೆಯು ಒತ್ತುಳ್ಳದ್ದನ್ನು ಉಳಿಸಿಕೊಂಡಿತು. ಅಥಣಿಯ ಒಕ್ಕಲಿಗನು ಒತ್ತಿಲ್ಲದುದನ್ನು ಉಳಿಸಿಕೊಂಡನು. ಇಬ್ಬರದೂ ಪಿತ್ರಾರ್ಜಿತ ಆಸ್ತಿಯೇ. "ಬರಾಕತ್ಯಾನ" ಎಂಬುದನ್ನು ಕೇಳಿ ನಗುವವರುಂಟು. ಅದರೊಳಗೆ ಬರಲ್ಕೆ ಎಂಬ ಹಳೆಯ ರೂಪವೂ, ಹತ್ತು ಎಂಬ ಧಾತುವೂ, ಕರ್ತೃವನ್ನು ತಿಳಿಸುವ ಪ್ರತ್ಯಯವೂ ಒಂದರೊಳಗೊಂದು ಸೇರಿಕೊಂಡಿವೆ. ಗ್ರಂಥಭಾಷೆಯ "ಬರುತ್ತಿದ್ದಾನೆ" ಎಂಬುದೂ ಬರುತ್ತ, ಇದ್ದಾನೆ ಎಂಬವುಗಳ ಇಂಥದೇ ಸಂಧಿಯಲ್ಲವೇ?

"ಹೋಗ್ಯಾನ" ಎಂಬ ರೂಪವು ವಿಶೇಷ ಗಮನಕ್ಕೆ ಪಾತ್ರವಾದುದು. ಹೋಗಿ ಎಂಬುದರ ಇಕಾರವು ಮುಂದಿನ ಆಕಾರದೊಡನೆ ಕೂಡಿ "ಗ್ಯಾ" ಎಂದು ಬರೆಯಲ್ಪಡುತ್ತದೆ. ಸಂಸ್ಕೃತದ ಯಣ್‌ಸಂಧಿಯನ್ನು ಇದು ಹೋಲುತ್ತದೆ. ಮೇಲೆ ಹೇಳಿದ ಇಟಲಿಯ "ಅಮ್ಯಾಮೊ" ಎಂಬುದನ್ನೂ ಅ-ಮ್ಯಾ-ಮೊ ಎಂದು ಮೂರೇ ಅಕ್ಷರಗಳಾಗಿ ಒಡೆಯುವರು. ಆದರೆ ಎರಡಕ್ಕೂ ಒಂದು ಭೇದವಿದೆ. ಇಟಲಿಯವನು ಯಕಾರವನ್ನು ಸ್ಪಷ್ಟವಾಗಿ ನುಡಿಯುವನು. ಅನಂತಪುರದವನ ಬಾಯಿಯಲ್ಲಿ ಯಕಾರವು ಕರಗಿ, ಆಕಾರಕ್ಕೂ ಏಕಾರಕ್ಕೂ ನಡುವಿನ ಒಂದು ದೀರ್ಘಸ್ವರವು ಕೇಳುತ್ತದೆ. ಇದು ಒತ್ತಕ್ಷರವಲ್ಲ, ಸ್ವರವೇ ಎಂಬುದಕ್ಕೆ ಪರೀಕ್ಷೆಯು ಸುಲಭ. "ಮನ್ಯಾಗ" ಎಂಬ ನಾಮಪದವನ್ನು ಇಲ್ಲಿಯವರಿಂದ ನುಡಿಸಿ ಕೇಳಿರಿ; ಮಕಾರವು ಗುರುವಾಗುವುದಿಲ್ಲ. ನಿಜವಾದ ಒತ್ತಾಗಿದ್ದರೆ ಆಗಬೇಕಾಗಿತ್ತು. ಲಿಪಿಯಲ್ಲಿ ಈ ಸ್ವರಕ್ಕೆ ಮನೆಯಿಲ್ಲದ ಕಾರಣ ಅದು ಯಕಾರದ ಪಡಸಾಲೆಯಲ್ಲಿ ಬಿಡಾರ ಮಾಡಿಕೊಂಡಿದೆ.

7. ಒಂದು ಎಚ್ಚರಿಕೆ

ಇಲ್ಲಿ ಅಭಿಮಾನವು ವಿವೇಕವನ್ನು ಮೀರದಂತೆ ನೋಡಿಕೊಳ್ಳುವುದು ಅವಶ್ಯ. ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವು 450ರ ಸುಮಾರಿನದೆಂದು ಗಣಿಸಲ್ಪಟ್ಟಿದೆ, ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಅದರಲ್ಲಿ "ಕೊಟ್ಟಾರ್" ಎಂಬ ಕ್ರಿಯಾಪದವಿದೆ. ಅನಂತಪುರದವರು "ಕೊಟ್ಟಾರ" ಎನ್ನುತ್ತಾರೆ. ಇವೆರಡನ್ನು ನೋಡಿದೊಡನೆ ನಮ್ಮ ನುಡಿಯು ಹಲ್ಮಿಡಿಯ ಕಾಲದಿಂದ ಕೆಡದೆ ಬಂದಿದೆಯೆಂದು ಸಾರಬೇಕೆನ್ನಿಸುವುದು ಸಹಜ. ಆದರೆ ಹಾಗಲ್ಲ. ಹಲ್ಮಿಡಿಯ ರೂಪವು ಶುದ್ಧ ಭೂತಕಾಲದ್ದು. ಅದರ ದೀರ್ಘ ಆಕಾರವು ತಮಿಳಿನ ಬಹುವಚನ ಪ್ರತ್ಯಯದಲ್ಲಿ ಕಾಣುವಂಥದು, ಮುಂದೆ ಹ್ರಸ್ವವಾಗಿ ಕೊಟ್ಟರ್ ಎಂದಾಯಿತು. ಇಲ್ಲಿಯ "ಕೊಟ್ಟಾರ" ಎಂಬುದಕ್ಕೆ ಕೊಟ್ಟಿದ್ದಾರೆ ಎಂಬ ಅರ್ಥವಿದ್ದು, ನಡುಗನ್ನಡದ ಕೊಟ್ಟಿಹರು, ಬಂದಿಹರು ಎಂಬವುಗಳ ಅರ್ಥಕ್ಕೆ ಅದು ಸಮೀಪ. ಇರುವಿಕೆಯನ್ನು ಹೇಳುವ ಪದವು ಅದರೊಳಗೆ ಕರಗಿದೆ. ಕಣ್ಣಿಗೆ ಎರಡೂ ಒಂದೇ, ವಂಶ ಬೇರೆ. ಒಂದೇ ಹೆಸರಿನ ಇಬ್ಬರು ಒಂದೇ ಮನೆತನದವರಾಗಬೇಕೆಂದಿಲ್ಲ.

ಮರಾಠಿಯ ಸಹವಾಸದಿಂದ ಬರುವ ಒಂದು ಅಪಾಯವನ್ನೂ ಇಲ್ಲಿ ಹೇಳತಕ್ಕದ್ದು. ಮರಾಠಿಯಲ್ಲಿ ಶಬ್ದಾಂತ್ಯದ ಅಕಾರವನ್ನು ಬರೆದರೂ ನುಡಿಯುವುದಿಲ್ಲ. ರಾಮ ಎಂದು ಬರೆದುದನ್ನು ರಾಮ್ ಎಂದು ಓದುವರು. ಎರಡೂ ಲಿಪಿಗಳನ್ನು ಒಟ್ಟಿಗೆ ಕಲಿಯುವ ಗಡಿನಾಡಿನ ಮಗುವು ಆ ಅಭ್ಯಾಸವನ್ನು ಕನ್ನಡಕ್ಕೆ ತಂದು "ಬಂದಾನ" ಎಂಬುದನ್ನು "ಬಂದಾನ್" ಎಂದು ಓದುವ ಸಂಭವವುಂಟು. ಕನ್ನಡದಲ್ಲಿ ಬರೆದ ಅಕಾರವೆಲ್ಲ ನುಡಿಯತಕ್ಕ ಅಕಾರವೇ. ಅದರಲ್ಲಿಯೂ ಕ್ರಿಯಾಪದದ ತುದಿಯ ಅಕಾರವು ಸಂಭಾವನೆಯನ್ನು ನಿಶ್ಚಯದಿಂದ ಬೇರ್ಪಡಿಸುವ ಗಡಿಕಲ್ಲು. ನೆಲದ ಗಡಿಯನ್ನು ಕುರಿತು ಎಷ್ಟೋ ವಾದಗಳಾಗಿವೆ. ಈ ಗಡಿಯನ್ನು ಕಾಯುವುದು ಮಾತ್ರ ಪ್ರತಿಯೊಂದು ಮನೆಯ ನಾಲಗೆಯ ಕೆಲಸ.

8. ದೇಶಿಯ ಪ್ರಶ್ನೆ, ಅಲ್ಲಿಯೂ ಇಲ್ಲಿಯೂ

ಒಂದು ನಾಡಿಗೆ ಎಷ್ಟು ಉಚ್ಚಾರಗಳು ಇರಬಹುದು, ಅವುಗಳಲ್ಲಿ ಯಾವುದು ಪ್ರಮಾಣವಾಗಬೇಕು ಎಂಬುದು ಹಳೆಯ ಪ್ರಶ್ನೆ. 850ರ ಸುಮಾರಿಗೆ ರಚಿತವಾದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿ, ಅದರ ತಿರುಳಿನ ಸ್ಥಳಗಳಾಗಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ಇವುಗಳಲ್ಲಿ ಒಂಕುಂದವು ನಮ್ಮ ಬೆಳಗಾವಿ ಜಿಲ್ಲೆ ಬೈಲಹೊಂಗಲ ತಾಲೂಕಿನ ಒಕ್ಕುಂದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಗ್ರಂಥವು ಕನ್ನಡಗಳ ದೇಸಿಯು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷವನ್ನು ಎಣಿಸಹೋದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತೆಂಬ ಅಭಿಪ್ರಾಯವನ್ನು ಸೂಚಿಸುತ್ತದೆ. ಇಟಲಿಯ ಮಹಾಕವಿ ದಾಂತೆಯು ತನ್ನ ದೇಶದ ನುಡಿಗಳನ್ನು ಎಣಿಸಿ ಕನಿಷ್ಠ ಹದಿನಾಲ್ಕು ಬಗೆಗಳಿವೆಯೆಂದು ಬರೆದುದು 1304ರ ಸುಮಾರಿನಲ್ಲಿ. ನಮ್ಮವರು ಆ ಪ್ರಶ್ನೆಯನ್ನು ಅವನಿಗಿಂತ ನಾಲ್ಕೂವರೆ ಶತಮಾನ ಮೊದಲೇ ಎತ್ತಿದ್ದರೆಂಬುದನ್ನು ಸ್ಮರಿಸುವುದು ಉಚಿತ.

ಇಟಲಿಯಲ್ಲಿ ಆ ಪ್ರಶ್ನೆ ಬಹುಕಾಲ ಉರಿಯಿತು. 1525ರಲ್ಲಿ ಪಿಯೆತ್ರೊ ಬೆಂಬೊ ಎಂಬ ವಿದ್ವಾಂಸನು ಹಳೆಯ ಫ್ಲಾರೆನ್ಸಿನ ಕವಿಗಳ ನುಡಿಯನ್ನು ಪ್ರಮಾಣವೆಂದು ಸಾಧಿಸಿದನು. 1612ರಲ್ಲಿ ಕ್ರುಸ್ಕಾ ಎಂಬ ಪರಿಷತ್ತು ಅದೇ ಆಧಾರದ ಮೇಲೆ ನಿಘಂಟನ್ನು ಹೊರಡಿಸಿತು. 1861ರಲ್ಲಿ ಇಟಲಿಯು ಒಂದು ರಾಜ್ಯವಾದ ಮೇಲೆ ಕಾದಂಬರಿಕಾರ ಮಾನ್ಝೋನಿಯು 1868ರಲ್ಲಿ ಫ್ಲಾರೆನ್ಸಿನ ಜೀವಂತ ನುಡಿಯನ್ನು ಶಾಲೆಗಳ ಮೂಲಕ ದೇಶಕ್ಕೆಲ್ಲ ಹರಡಬೇಕೆಂದು ಸರಕಾರಕ್ಕೆ ಬರೆದನು. ಅಸ್ಕೋಲಿ ಎಂಬ ಭಾಷಾಶಾಸ್ತ್ರಜ್ಞನು 1873ರಲ್ಲಿ ಅದನ್ನು ವಿರೋಧಿಸಿ, ಭಾಷೆಯ ಐಕ್ಯವು ಒಂದು ಪಟ್ಟಣದ ಉಚ್ಚಾರವನ್ನು ಹೇರುವುದರಿಂದ ಬರುವುದಿಲ್ಲ, ಎಲ್ಲ ಪ್ರಾಂತಗಳ ವಿದ್ಯೆಯ ಪರಸ್ಪರ ಸಂಪರ್ಕದಿಂದ ಬರುವುದೆಂದು ವಾದಿಸಿದನು. ಉತ್ತರ ಇಟಲಿಯ ಮನೆಮಾತುಗಳಲ್ಲಿ ಇಮ್ಮಡಿ ವ್ಯಂಜನವೇ ಇಲ್ಲ. ಅಲ್ಲಿಯ ಮಗುವಿಗೆ ಕಾದೆ, ಕದ್ದೆ ಎಂಬ ಭೇದವನ್ನು ಶಾಲೆಯು ಕಲಿಸಬೇಕಾಗುತ್ತದೆ. ಅನಂತಪುರದ ಮಗುವಿಗೆ "ಬರುತ್ತಾನೆ" ಎಂಬುದರ ಒತ್ತನ್ನು ಕಲಿಸಬೇಕಾಗುವಂತೆಯೇ.

ನಮ್ಮ ನಾಡಿನ ಚರಿತ್ರೆಯಲ್ಲಿಯೂ ಶಾಲೆಯ ಭಾಷೆಯ ಪ್ರಶ್ನೆ ಕಠಿಣವಾಗಿಯೇ ಇತ್ತು. ಮುಂಬಯಿ ಇಲಾಖೆಯ ಆಳಿಕೆಯಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ಮೇಲುಗೈಯಾಗಿದ್ದಾಗ ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. 1956ರ ನವೆಂಬರ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆ ಹಿರಿಯರು ಕನ್ನಡವನ್ನು ಶಾಲೆಯ ಬಾಗಿಲವರೆಗೆ ತಂದು ನಿಲ್ಲಿಸಿದರು. ಅದರ ಒಳಗೆ ಕುಳಿತ ಮಗುವಿನ ಮನೆಯ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಸ್ನೇಹ ಬೆಳೆಸುವ ಕೆಲಸವು ಈಚಿನವರಿಗೆ ಉಳಿದ ಋಣ.

9. ಉಪಸಂಹಾರ

ಗ್ರಂಥಭಾಷೆಯ ರೂಪಗಳನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೀದರದಿಂದ ಚಾಮರಾಜನಗರದವರೆಗೆ ಕನ್ನಡಿಗರೆಲ್ಲರೂ ಒಂದೇ ಪುಸ್ತಕವನ್ನು ಓದಬಲ್ಲೆವೆಂಬುದು ಸಣ್ಣ ಭಾಗ್ಯವಲ್ಲ. ಆದರೆ ತಿದ್ದುವವನು ತಿದ್ದತಕ್ಕ ರೂಪದ ಅರ್ಥವನ್ನು ಮೊದಲು ತಿಳಿಯಬೇಕು. "ಬಂದಾನ" ಎಂಬುದನ್ನು "ಬಂದಿದ್ದಾನೆ" ಎಂದು ತಿದ್ದಿದರೆ ಅದು ಪಾಠ; "ಬಂದಾನು" ಎಂದು ತಿದ್ದಿದರೆ ಅದು ಪ್ರಮಾದ.

ಉಪಾಧ್ಯಾಯರಲ್ಲಿ ನನ್ನ ವಿನಂತಿಗಳು ಮೂರು. ಓದನ್ನು ಕಲಿಸುವಾಗ ಬ-ರು-ತ್ತಾ-ನೆ ಎಂದು ಕಣ್ಣಿನ ಅಕ್ಷರಗಳನ್ನು ಒಡೆಯಿಸಿದ ಮೇಲೆ, ಬ-ರುತ್-ತಾ-ನೆ ಎಂದು ಕಿವಿಯ ಅಕ್ಷರಗಳನ್ನೂ ಚಪ್ಪಾಳೆ ತಟ್ಟಿ ಒಡೆಯಿಸಬೇಕು. ಒತ್ತು ತಾನಾಗಿಯೇ ನೆಲೆಗೊಳ್ಳುವುದು, ಮುಂದೆ ಲಘುಗುರುಗಳ ಪಾಠವೂ ಸುಗಮವಾಗುವುದು. ಎರಡನೆಯದಾಗಿ, ಬಂದನು, ಬಂದಾನು, ಬಂದಿದ್ದಾನೆ ಎಂಬ ಮೂರರ ಪಕ್ಕದಲ್ಲಿ ಬಂದ, ಬಂದಾನು, ಬಂದಾನ ಎಂಬ ಊರಿನ ಮೂರನ್ನೂ ಹಲಗೆಯ ಮೇಲೆ ಬರೆದು ತೋರಿಸಬೇಕು. ತನ್ನ ಮನೆಯ ಮಾತಿಗೂ ವ್ಯಾಕರಣವುಂಟೆಂದು ಕಂಡ ಮಗುವು ಪುಸ್ತಕದ ವ್ಯಾಕರಣಕ್ಕೆ ಅಂಜುವುದಿಲ್ಲ. ಮೂರನೆಯದಾಗಿ, ಬೀಸುವ ಕಲ್ಲುಗಳು ಮೂಲೆ ಸೇರಿದ ಈ ಕಾಲದಲ್ಲಿ, ಹಾಡು ಬಲ್ಲ ಹಿರಿಯ ಹೆಣ್ಣುಮಕ್ಕಳಿಂದ ತ್ರಿಪದಿಗಳನ್ನು ಕೇಳಿ ಅವರು ನುಡಿದಂತೆಯೇ ಬರೆದಿಟ್ಟುಕೊಳ್ಳಬೇಕು.

ಆ ಅಜ್ಜಿಯ ಪ್ರಶ್ನೆಗೆ ಅಂದು ಉತ್ತರ ಹೇಳಿದವರಿಲ್ಲ. ಹುಡುಗನು ಪಟ್ಟಿಯನ್ನೂ ಅಜ್ಜಿಯನ್ನೂ ಒಮ್ಮೆ ನೋಡಿ ಸುಮ್ಮನಾದನಂತೆ. ಪುಸ್ತಕವನ್ನು ನಂಬಿದರೆ ಅಜ್ಜಿ ಸುಳ್ಳಾಗಬೇಕು, ಅಜ್ಜಿಯನ್ನು ನಂಬಿದರೆ ಪುಸ್ತಕ ಸುಳ್ಳಾಗಬೇಕು ಎಂಬ ಇಕ್ಕಟ್ಟಿನಲ್ಲಿ ಒಂದು ಮಗುವನ್ನು ನಿಲ್ಲಿಸುವುದು ವಿದ್ಯೆಯ ಕೆಲಸವಲ್ಲ. ಎರಡೂ ನಿಜವೆಂದು ತೋರಿಸಲು ಸಾವಿರದೈನೂರು ವರ್ಷಗಳ ಕನ್ನಡದ ಚರಿತ್ರೆಯು ನಮ್ಮ ಬೆನ್ನಿಗಿದೆ. ಈ ಅಲ್ಪ ಲೇಖನದಲ್ಲಿ ಉಳಿದ ಲೋಪದೋಷಗಳನ್ನು ಬಲ್ಲವರು ತಿದ್ದಿ, ತಮ್ಮ ತಮ್ಮ ಊರುಗಳ ಕ್ರಿಯಾರೂಪಗಳನ್ನು ಕಲೆಹಾಕಿ ಈ ವಿಚಾರವನ್ನು ಮುಂದುವರಿಸಬೇಕೆಂದು ಬಿನ್ನಹ.